ಎರಡೇ ದಿನದಲ್ಲಿ ಒಣಗಿಸಿದ ಹುಲ್ಲು: ಒಂದು ಪ್ರಕರಣ

ಇದು ನಮ್ಮದೇ ಪ್ರಯೋಗಾಲಯದ ಕತೆ. ಊರು, ಸಂಸ್ಥೆ, ಜನರ ಹೆಸರು ಬಿಟ್ಟಿದ್ದೇನೆ. ತಪ್ಪಿನ ದೊಡ್ಡ ಪಾಲು ನನ್ನದು. ಅದನ್ನು ಮಾತ್ರ ಮುಚ್ಚಿಟ್ಟಿಲ್ಲ.

ಶಿವಮೊಗ್ಗದಲ್ಲಿ ಕೂತು ಬರದ ಬಗ್ಗೆ ಸಂಶೋಧನೆ ಮಾಡುತ್ತೇವೆ ಅಂದರೆ ಜನ ನಗುತ್ತಾರೆ. "ಆಗುಂಬೆ ಪಕ್ಕದಲ್ಲಿ ಇದ್ದುಕೊಂಡು ಎಂತ ಬರ ಮಾರಾಯ್ರೆ" ಅಂತ ಬಸ್ಸಿನಲ್ಲಿ ಒಬ್ಬರು ಕೇಳಿದ್ದರು. 2023ರ ಮಳೆಗಾಲ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ಮೇಲೆ ಆ ನಗು ಸ್ವಲ್ಪ ಕಡಿಮೆಯಾಗಿದೆ. ಆದರೆ ನಮ್ಮ ಕೆಲಸಕ್ಕೆ ಅಂಥ ವರ್ಷವೇ ಬೇಕಾಗಿಲ್ಲ. ಮಲೆನಾಡಿನಲ್ಲಿ ಪ್ರತಿ ವರ್ಷ ಬರ ಬರುವ ಜಾಗ ಒಂದಿದೆ. ಅದು ಬಂಡೆಯ ಮೇಲ್ಮೈ.

ಹಿನ್ನೆಲೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ಅಡಿಕೆ ತೋಟ ದಾಟಿ ಸೊಪ್ಪಿನಬೆಟ್ಟ ಹತ್ತಿದರೆ ತುದಿಯಲ್ಲಿ ದೊಡ್ಡದೊಂದು ಹಾಸುಬಂಡೆ. ಮಳೆಗಾಲದಲ್ಲಿ ಅಲ್ಲಿ ಕಾಲಿಟ್ಟರೆ ಜಾರುತ್ತದೆ, ಅಷ್ಟು ಹಾವಸೆ. ಮಳೆ ನಿಂತ ಮೇಲೆ ಅದೇ ಬಂಡೆ ಕಾದ ಕಾವಲಿ. ಬಿರುಕುಗಳಲ್ಲಿ ಬೆರಳಿನಷ್ಟು ಮಣ್ಣೂ ಇಲ್ಲ. ಅಲ್ಲಿ ಗೇಣುದ್ದಕ್ಕಿಂತ ಗಿಡ್ಡವಾದ ಒಂದು ಹುಲ್ಲು ಬೆಳೆಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಅದು ಒಣಕಡ್ಡಿ. ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಭರಣಿ ಮಳೆಯ ಒಂದು ಹೊಡೆತ ಬಿದ್ದರೆ ಸಾಕು, ಎರಡು ದಿನದಲ್ಲಿ ಅದೇ ಎಲೆ ಹಸಿರು. ಹೊಸ ಚಿಗುರಲ್ಲ, ಹಳೆಯ ಎಲೆಯೇ.

ಊರವರು ಅದಕ್ಕೆ ಸುಮ್ನೆ "ಅರೆ ಮೇಲಿನ ಹುಲ್ಲು" ಅನ್ನುತ್ತಾರೆ. ಅರೆ ಅಂದರೆ ಬಂಡೆ. ಪುಸ್ತಕದ ಪ್ರಕಾರ ಅದು ಟ್ರೈಪೋಗಾನ್ ಕುಲದ್ದು. ಒಣಗಿ ಮತ್ತೆ ಜೀವ ಹಿಡಿಯುವ ಗಿಡಗಳ ಬಗ್ಗೆ ಕೆಲಸ ಮಾಡುವವರಿಗೆ ಈ ಕುಲ ಹಳೆಯ ಪರಿಚಯ. ಆಸ್ಟ್ರೇಲಿಯಾದ ಡೊನಾಲ್ಡ್ ಗ್ಯಾಫ್ 1971ರಲ್ಲಿ ದಕ್ಷಿಣ ಆಫ್ರಿಕಾದ ಇಂಥ ಹೂಬಿಡುವ ಗಿಡಗಳ ಬಗ್ಗೆ ಬರೆದರು. ಆಮೇಲೆ 1980ರ ದಶಕದಲ್ಲಿ ಭಾರತದ ಹುಲ್ಲುಗಳನ್ನೂ ನೋಡಿದರು. ಈಚೆಗೆ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ಪಶ್ಚಿಮ ಘಟ್ಟದಲ್ಲಿ ಹುಡುಕಿ 62 ಬಗೆಯ ಗಿಡಗಳ ಪಟ್ಟಿ ಕೊಟ್ಟಿದ್ದಾರೆ. ಅದಕ್ಕೆ ಮೊದಲು ಗೊತ್ತಿದ್ದದ್ದು ಬರೀ ಒಂಬತ್ತು.

ಇಲ್ಲಿ ಒಂದು ವ್ಯತ್ಯಾಸ ಹೇಳಿಬಿಡಬೇಕು. ಬರ ತಾಳುವುದು ಬೇರೆ, ಒಣಗುವುದನ್ನು ತಾಳುವುದು ಬೇರೆ. ಭತ್ತವಾಗಲಿ ರಾಗಿಯಾಗಲಿ ಬರ ಬಂದಾಗ ಒಣಗದಿರಲು ನೋಡುತ್ತವೆ. ಬೇರು ಆಳಕ್ಕೆ ಇಳಿಸುತ್ತವೆ, ಎಲೆಯ ರಂಧ್ರ ಮುಚ್ಚುತ್ತವೆ. 2013ರಲ್ಲಿ ಜಪಾನಿನವರು ಗುರುತಿಸಿದ ಭತ್ತದ ಡಿಆರ್‌ಒ1 ಜೀನ್ ಮಾಡುವುದು ಇದನ್ನೇ: ಬೇರನ್ನು ಕೆಳಮುಖವಾಗಿ ಬೆಳೆಸುವುದು. ಇಷ್ಟೆಲ್ಲ ಮಾಡಿಯೂ ಎಲೆಯ ನೀರು ಅರ್ಧಕ್ಕಿಂತ ತುಂಬ ಕೆಳಗಿಳಿದರೆ ಭತ್ತದ ಕತೆ ಮುಗಿಯಿತು. ಅರೆ ಮೇಲಿನ ಹುಲ್ಲು ಆ ಹೋರಾಟಕ್ಕೇ ಹೋಗುವುದಿಲ್ಲ. ನೀರು ಶೇ. 10ಕ್ಕಿಂತ ಕೆಳಗೆ ಬರಲಿ ಅಂತ ಬಿಟ್ಟುಬಿಡುತ್ತದೆ.

ಈ ವಿದ್ಯೆ ಗಿಡಗಳಿಗೆ ಹೊಸದೇನಲ್ಲ. ಭತ್ತದ ಬೀಜಕ್ಕೆ ಗೊತ್ತು. ಒಣಗಿಸಿ ಕಣಜಕ್ಕೆ ಹಾಕಿದರೂ ಮುಂದಿನ ವರ್ಷ ಮೊಳೆಯುತ್ತದೆ. ಹಲಸಿನ ಬೀಜಕ್ಕೆ ಗೊತ್ತಿಲ್ಲ, ಬೀಜದ ಅಡಿಕೆಗೂ ಗೊತ್ತಿಲ್ಲ. ಸಸಿಗೆ ಅಂತ ಇಟ್ಟ ಗೋಟನ್ನು ಬಿಸಿಲಿಗೆ ಒಣಗಿಸಿಟ್ಟರೆ ಏನಾಗುತ್ತದೆ ಅಂತ ಮಲೆನಾಡಿನ ಯಾವ ತೋಟಿಗನಿಗೂ ಹೇಳಿಕೊಡಬೇಕಾಗಿಲ್ಲ. ಬೀಜದಲ್ಲಿ ಕೆಲಸ ಮಾಡುವ ಜೀನ್‌ಗಳನ್ನೇ ಈ ಹುಲ್ಲಿನಂಥವು ಎಲೆಯಲ್ಲಿ ಎಬ್ಬಿಸಿಕೊಂಡಿವೆ ಎನ್ನುವುದು ಈ ಕ್ಷೇತ್ರದ ಮುಖ್ಯ ಊಹೆ. ಅದನ್ನು ನಮ್ಮ ಹುಲ್ಲಿನಲ್ಲಿ ನೋಡಬೇಕು ಅಂತ ನಾವು ಹೊರಟಿದ್ದು.

ಯೋಜನೆಯ ಅರ್ಜಿಯಲ್ಲಿ ರಾಗಿಯ ಹೆಸರು ಮೂರು ಸಲ ಬಂದಿತ್ತು. ಟ್ರೈಪೋಗಾನ್ ರಾಗಿಗೆ ದೂರದ ದಾಯಾದಿ, ಸುಳ್ಳಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ 2017ರಲ್ಲಿ ಎಂಎಲ್-365 ಅನ್ನುವ ರಾಗಿ ತಳಿಯ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಪ್ರಕಟಿಸಿದೆ, ಅದೂ ನಿಜ. ಆದರೆ "ಒಣಗಿದರೂ ಸಾಯದ ರಾಗಿ" ಅಂತ ಬರೆದದ್ದು ಹಣ ಬರಲಿ ಅಂತ. ಅರ್ಜಿ ಬರೆಯುವವರೆಲ್ಲ ಮಾಡುವುದೇ ಅದು, ಅಲ್ವಾ?

ತೊಡಕು ಶುರುವಾದದ್ದು

ಮೂರು ವರ್ಷದ ಹಣ. ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ. ನಾನು ಮಾರ್ಗದರ್ಶಕ. ಸೊಪ್ಪಿನಬೆಟ್ಟ ಅಂದರೆ ಸರ್ಕಾರಿ ಜಾಗ, ತೋಟದವರಿಗೆ ಸೊಪ್ಪು ತರುವ ಹಕ್ಕು ಮಾತ್ರ. ಹಾಗಾಗಿ ಅನುಮತಿ ಬೇಕಿತ್ತು. ನಾವು ಅರ್ಜಿ ಹಾಕಿದ್ದೂ ತಡವಾಗಿ, ಅನುಮತಿ ಕೈಗೆ ಬಂದದ್ದೂ ತಡವಾಗಿ. ಬುಡಗಳನ್ನು ಕಿತ್ತು ತಂದದ್ದು ಆಗಸ್ಟ್‌ನಲ್ಲಿ, ಆಶ್ಲೇಷ ಮಳೆ ಹುಯ್ಯುವಾಗ.

ಕುಂಡಕ್ಕೆ ಹಾಕಿ ನೆರಳುಮನೆಯಲ್ಲಿ ಇಟ್ಟೆವು. ನೀರು ನಿಲ್ಲಿಸಿದೆವು. ಹುಲ್ಲು ಒಣಗಲೇ ಇಲ್ಲ. ಒಣಗುವುದಾದರೂ ಹೇಗೆ? ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲ ಬೂಸಲು ಹಿಡಿಯುವ ಕಾಲ. ಮೂರು ವಾರ ಕಾದರೂ ಕುಂಡದ ಮಣ್ಣು ಅಂಟುತ್ತಿತ್ತು. ನವೆಂಬರ್‌ನಲ್ಲಿ ಯೋಜನೆಯ ಪ್ರಗತಿ ಪರಿಶೀಲನೆ. ತೋರಿಸಲು ಏನೂ ಇಲ್ಲ.

ಆಗ ನಾನು ಒಂದು ನಿರ್ಧಾರ ತೆಗೆದುಕೊಂಡೆ. ಬುಡಗಳನ್ನು ಕುಂಡದಿಂದ ತೆಗೆದು, ಬೇರು ತೊಳೆದು, ಎಸಿ ಕೋಣೆಯಲ್ಲಿ ಸಿಲಿಕಾ ಜೆಲ್ ತಟ್ಟೆಯ ಮೇಲೆ ಹರಡುವುದು. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಣ್ಣ ಚೀಲದ ಕಾಳುಗಳೇ ಅವು, ತೇವ ಹೀರಿಕೊಳ್ಳುತ್ತವೆ. ಎರಡು ದಿನದಲ್ಲಿ ಹುಲ್ಲು ಗರಿಗರಿ.

ಇದು ಸರಿ ಅಂತ ನನಗೆ ಯಾಕೆ ಅನ್ನಿಸಿತು? ನನ್ನ ಪಿಎಚ್‌.ಡಿ. ಗೋಡೆಯ ಮೇಲೆ ಬೆಳೆಯುವ ಪಾಚಿಸಸ್ಯಗಳ ಮೇಲೆ. ಅವುಗಳಲ್ಲಿ ಕೆಲವನ್ನು ಒಂದು ಗಂಟೆಯಲ್ಲಿ ಒಣಗಿಸಿದರೂ ಬದುಕುತ್ತವೆ. ರಕ್ಷಣೆಯ ಸಾಮಾನು ಮೊದಲೇ ಸಿದ್ಧ ಇರುತ್ತದೆ, ನೀರು ಸಿಕ್ಕ ಮೇಲೆ ರಿಪೇರಿ ಮಾಡಿಕೊಳ್ಳುತ್ತವೆ. ಹತ್ತು ವರ್ಷ ಅವುಗಳ ಜೊತೆ ಇದ್ದವನಿಗೆ ಎರಡು ದಿನ ಅನ್ನುವುದೇ ತುಂಬ ನಿಧಾನ ಅನ್ನಿಸಿತ್ತು. ಹೂಬಿಡುವ ಗಿಡಗಳಲ್ಲಿ ಹಲವು ನಿಧಾನವಾಗಿ ಒಣಗಿದರೆ ಮಾತ್ರ ಬದುಕುತ್ತವೆ ಅಂತ ಹಳೆಯ ಪ್ರಬಂಧಗಳಲ್ಲೇ ಇದೆ. ನಾನು ಅದನ್ನು ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಮಾದರಿ ತೆಗೆದದ್ದು ಹೀಗೆ: ಬೆಳಗ್ಗೆ ಹತ್ತಕ್ಕೆ ಶುರು. ಆಮೇಲೆ 6, 12, 24, 36, 48 ಗಂಟೆಗೆ. ಕೊನೆಗೆ ನೀರು ಹಾಕಿ 24 ಗಂಟೆ ಬಿಟ್ಟು ಇನ್ನೊಂದು. ಒಟ್ಟು ಏಳು ಹಂತ, ಪ್ರತಿ ಹಂತಕ್ಕೆ ಮೂರು ಬುಡ, 21 ಮಾದರಿ. ಪ್ರತಿ ಮಾದರಿಯಿಂದ ಆರ್‌ಎನ್‌ಎ (ಕೆಲಸ ಮಾಡುತ್ತಿರುವ ಜೀನ್‌ಗಳ ನಕಲು) ತೆಗೆದು, ಆ ಹೊತ್ತಿನಲ್ಲಿ ಯಾವ ಯಾವ ಜೀನ್ ಎಷ್ಟೆಷ್ಟು ಕೆಲಸ ಮಾಡುತ್ತಿತ್ತು ಅಂತ ಓದಿಸುವುದು. ನೀರು ಹಾಕಿದಾಗ ಎಲೆ ಸುರುಳಿ ಬಿಚ್ಚಿ ಅಗಲವಾಯಿತು. ಎಲ್ಲರೂ ಫೋಟೊ ತೆಗೆದುಕೊಂಡೆವು.

ಆ ಮೂರು ವಾರ

ಈ ಪ್ರಕರಣದಲ್ಲಿ ನನಗೆ ಈಗಲೂ ಚುಚ್ಚುವ ಭಾಗ ಇದು.

ಮಾದರಿಗಳು ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿದ್ದವು. ಸೀಕ್ವೆನ್ಸಿಂಗ್‌ಗೆ (ಆ ಆರ್‌ಎನ್‌ಎ ಓದಿಸುವುದಕ್ಕೆ) ಕಳಿಸಲು ಇನ್ನೂ ಮೂರು ವಾರ ಇತ್ತು. ಮಾದರಿ ತೆಗೆದು ಉಳಿದ ಬುಡಗಳನ್ನು ವಿದ್ಯಾರ್ಥಿನಿ ಎಸೆಯದೆ ಒದ್ದೆ ಕಾಗದದ ಮೇಲೆ ಇಟ್ಟಿದ್ದಳು. ನಾಲ್ಕನೇ ದಿನ ಬಂದು ಹೇಳಿದಳು.

"ಸರ್, ಎಲೆ ಬಿಚ್ಚಿಕೊಂಡಿದೆ. ಆದ್ರೆ ಹಸಿರಾಗ್ತಿಲ್ಲ. ಕಂದು ತಿರುಗ್ತಿದೆ. ಕಾಗದವೂ ಹಳದಿಯಾಗಿದೆ."

ನಾನು ಹೋಗಿ ನೋಡಿದೆ. ಸ್ವಲ್ಪ ವಾಸನೆಯೂ ಇತ್ತು. "ಕಿತ್ತು ತೊಳೆದದ್ದಕ್ಕೆ ಬೇರಿಗೆ ಪೆಟ್ಟಾಗಿರಬೇಕು. ಮಾದರಿ ತೆಗೆಯುವಾಗ ಚೆನ್ನಾಗಿತ್ತಲ್ಲ" ಅಂದೆ. ಅವಳು ಮತ್ತೆ ಮಾತಾಡಲಿಲ್ಲ. ಹೊಸ ವಿದ್ಯಾರ್ಥಿನಿ, ಮೊದಲ ವರ್ಷ. ನಾನು ಇನ್ನೆರಡು ದಿನ ಯೋಚನೆ ಮಾಡಬಹುದಿತ್ತು. ಒಂದು ಸಣ್ಣ ಪರೀಕ್ಷೆ ಮಾಡಬಹುದಿತ್ತು: ಎಲೆಯನ್ನು ಶುದ್ಧ ನೀರಿನಲ್ಲಿ ಅದ್ದಿಟ್ಟು, ಆ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆಯುವುದು. ಜೀವಕೋಶದ ಪೊರೆ ಹರಿದಿದ್ದರೆ ಒಳಗಿನ ಲವಣ ಸೋರಿ ಮೀಟರ್ ಏರುತ್ತದೆ. ಯಂತ್ರ ಪಕ್ಕದ ಮೇಜಿನ ಮೇಲೇ ಇತ್ತು. ಅರ್ಧ ಗಂಟೆಯ ಕೆಲಸ.

ಎಲೆ ಬಿಚ್ಚಿಕೊಂಡದ್ದೇ ಬದುಕಿದ ಗುರುತು ಅಂತ ನಾವು ಅಂದುಕೊಂಡಿದ್ದೆವು. ಸತ್ತ ಎಲೆಯೂ ನೀರು ಕುಡಿದರೆ ಬಿಚ್ಚಿಕೊಳ್ಳುತ್ತದೆ. ಒಣಗಿದ ಚಹಾ ಎಲೆ ಬಿಸಿನೀರಿನಲ್ಲಿ ಅಗಲವಾಗುವುದಿಲ್ಲವೇ, ಹಾಗೆ.

ಮಾದರಿಗಳನ್ನು ಕಳಿಸಿದೆವು. ಆ ವರ್ಷದ ಸೀಕ್ವೆನ್ಸಿಂಗ್ ಹಣ ಪೂರ್ತಿ ಖಾಲಿ.

ಮೊದಲ ಫಲಿತಾಂಶ

ಡಿಸೆಂಬರ್‌ನಲ್ಲಿ ಡೇಟಾ ಬಂತು. ನಮ್ಮ ಹುಲ್ಲಿನ ಜೀನೋಮ್ ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಅದರ ಹತ್ತಿರದ ನಂಟ ಓರೋಪೀಟಿಯಂ ಥೋಮಿಯಂ ಜೀನೋಮಿಗೆ ಹೋಲಿಸಿದೆವು. ನಮ್ಮ ದೇಶದಲ್ಲೂ ಬೆಳೆಯುವ ಪುಟ್ಟ ಹುಲ್ಲು ಅದು. 2015ರಲ್ಲಿ ಅದರ ಜೀನೋಮ್ ಪ್ರಕಟವಾಯಿತು. ಸುಮಾರು 24.5 ಕೋಟಿ ಅಕ್ಷರ, ಭತ್ತಕ್ಕಿಂತ ಚಿಕ್ಕದು. ಹೋಲಿಕೆಗೆ ಸಿಗದೆ ಉಳಿದದ್ದರಲ್ಲಿ ಒಂದು ಪಾಲು ಹಾವಸೆಯ ಆರ್‌ಎನ್‌ಎ. ಎಷ್ಟು ತೊಳೆದರೂ ಬುಡಕ್ಕೆ ಅಂಟಿಕೊಂಡಿತ್ತು. ಅದು ದೊಡ್ಡ ತೊಂದರೆಯಲ್ಲ, ಸೋಸಿ ತೆಗೆದೆವು.

ಮೇಲ್ನೋಟಕ್ಕೆ ಎಲ್ಲ ಚೆನ್ನಾಗಿತ್ತು. ಒಣಗುತ್ತ ಹೋದಂತೆ ಎಲ್‌ಇಎ ಪ್ರೋಟೀನುಗಳ ಜೀನ್‌ಗಳು ಏರಿದ್ದವು. ಇವು ಮೊದಲು ಸಿಕ್ಕಿದ್ದು ಹತ್ತಿಯ ಬೀಜದಲ್ಲಿ. ನೀರು ಹೋದಾಗ ಉಳಿದ ಪ್ರೋಟೀನುಗಳು ಮುದ್ದೆಯಾಗದಂತೆ ಕಾಯುತ್ತವೆ. ಎಲಿಪ್ ಅನ್ನುವ ಜೀನ್‌ಗಳೂ ಏರಿದ್ದವು. ನೀರಿಲ್ಲದ ಎಲೆಯ ಮೇಲೆ ಬಿಸಿಲು ಬಿದ್ದರೆ ಹಸಿರು ಬಣ್ಣವೇ ವಿಷವಾಗುತ್ತದೆ, ಅದರಿಂದ ಕಾಪಾಡುವವು ಇವು. ಪಾಠದಲ್ಲಿ ಏನಿರಬೇಕೋ ಅದೇ. ನಾನು ಪ್ರಬಂಧದ ಮೊದಲ ಕರಡು ಶುರು ಮಾಡಿಬಿಟ್ಟೆ.

ವಿದ್ಯಾರ್ಥಿನಿ ಒಂದು ಚಿತ್ರ ತಂದು ತೋರಿಸಿದಳು. 21 ಮಾದರಿಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಅಂತ ಚುಕ್ಕಿ ಇಟ್ಟ ಪಿಸಿಎ ಚಿತ್ರ. ನೀರು ಕಡಿಮೆಯಾದಂತೆ ಚುಕ್ಕಿಗಳು ಸಾಲಾಗಿ ಸರಿಯಬೇಕು. 12 ಗಂಟೆಯವೂ 36 ಗಂಟೆಯವೂ ಸಾಲು ಬಿಟ್ಟು ಒಟ್ಟಿಗೆ ಕೂತಿದ್ದವು.

"ಇವೆರಡೂ ರಾತ್ರಿ ಹತ್ತು ಗಂಟೆಯವು ಸರ್" ಅಂದಳು.

ಗಿಡಕ್ಕೂ ಗಡಿಯಾರ ಇದೆ. ಪ್ರಯೋಗಾಲಯಗಳ ಮೆಚ್ಚಿನ ಅರಬಿಡಾಪ್ಸಿಸ್ ಗಿಡದಲ್ಲಿ ಸುಮಾರು ಮೂರನೇ ಒಂದು ಭಾಗ ಜೀನ್‌ಗಳು ಹೊತ್ತಿಗೆ ತಕ್ಕಂತೆ ಏರಿಳಿಯುತ್ತವೆ. ನಾವು ಒಣಗಿದ್ದರ ಲೆಕ್ಕ ಅಂದುಕೊಂಡದ್ದರಲ್ಲಿ ಎಷ್ಟೋ ಪಾಲು ಬರೀ ರಾತ್ರಿಯ ಲೆಕ್ಕ. ಯಾವುದು ಯಾವುದು ಅಂತ ಬಿಡಿಸುವ ದಾರಿ ಇರಲಿಲ್ಲ. ನೀರು ಹಾಕುತ್ತಲೇ ಇದ್ದ ಬುಡಗಳಿಂದಲೂ ಅದೇ ಹೊತ್ತಿಗೆ ಮಾದರಿ ತೆಗೆದಿದ್ದರೆ ಬಿಡಿಸಬಹುದಿತ್ತು. ನಾವು ತೆಗೆದಿರಲಿಲ್ಲ.

ಈ ಸಲ ನಾನು ತಕ್ಷಣ ಸಮಜಾಯಿಷಿ ಕೊಡಲಿಲ್ಲ. ಕಂದು ಎಲೆಯ ಮಾತನ್ನು ಅವಳೇ ಮತ್ತೆ ಎತ್ತಿದಳು.

ಬಂಡೆಗೆ ವಾಪಸ್

ಜನವರಿಯಲ್ಲಿ ಮತ್ತೆ ಆ ಊರಿಗೆ ಹೋದೆವು. ಕೊಯ್ಲಿನ ಕಾಲ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ತೋಟದ ಮನೆಯ ಅಮ್ಮ ಕಾಫಿ ಕೊಟ್ಟು, "ಹುಲ್ಲು ಕೀಳ್ಲಿಕ್ಕೆ ಇಷ್ಟು ದೂರದಿಂದ ಬರ್ತೀರಲ್ಲ, ನಮ್ಮ ಕೊಟ್ಟಿಗೆ ದನಕ್ಕೂ ಅದು ಬೇಡ" ಅಂದರು. ವಿದ್ಯಾರ್ಥಿನಿ ಅವರ ಹತ್ತಿರ ಬೇರೆಯೇ ಕೇಳಿದಳು. ಮಳೆ ನಿಂತ ಮೇಲೆ ಆ ಹುಲ್ಲು ಒಣಗಲು ಎಷ್ಟು ದಿನ ಬೇಕಾಗುತ್ತದೆ?

"ಯಾರು ಎಣಿಸಿದ್ದಾರೆ ಮಾರಾಯ್ತಿ. ದೀಪಾವಳಿಗೆ ಹಸಿರೇ ಇರ್ತದೆ. ಆಮೇಲೆ ಬೆಳಗ್ಗೆ ಇಬ್ಬನಿಗೆ ಸ್ವಲ್ಪ ಎಚ್ಚರ, ಮಧ್ಯಾಹ್ನ ಮಲಗ್ತದೆ. ಹಾಗೇ ಸುಮಾರು ದಿನ."

ಇದನ್ನು ಕೇಳಿ ಏನೋ ಜ್ಞಾನೋದಯವಾಯಿತು ಅಂತ ಹೇಳುವುದಿಲ್ಲ. ಆದರೆ ಇಬ್ಬನಿಯ ವಿಷಯ ನಾವಿಬ್ಬರೂ ಯೋಚಿಸಿರಲಿಲ್ಲ. ಬಂಡೆ ಹಗಲು ಒಣಗುತ್ತದೆ, ರಾತ್ರಿ ಮಂಜು ಬಿದ್ದು ಎಲೆ ಒಂದಿಷ್ಟು ವಾಪಸ್ ಪಡೆಯುತ್ತದೆ. ಹುಲ್ಲು ಒಂದೇ ಸಲ ಒಣಗುವುದಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ಬಂಡೆಯ ಮೇಲೆ ತಾನಾಗಿ ಒಣಗಿದ್ದ ಒಂದಿಷ್ಟು ಬುಡಗಳನ್ನು ಕಾಗದದ ಲಕೋಟೆಯಲ್ಲಿ ತಂದೆವು. ಅದೇ ಕೋಣೆ, ಅದೇ ತಟ್ಟೆ, ಅದೇ ನೀರು. ಮರುದಿನ ಸಂಜೆಗೆ ಎಲೆಯ ಬುಡದಲ್ಲಿ ಹಸಿರು ಕಂಡಿತು. ಮೂರನೇ ದಿನಕ್ಕೆ ಪೂರ್ತಿ ಹಸಿರು. ಅದ್ದಿದ ನೀರಿನ ಮೀಟರ್ ಹೆಚ್ಚು ಏರಲಿಲ್ಲ. ನಾವು ಸಿಲಿಕಾದಲ್ಲಿ ಒಣಗಿಸಿ ಉಳಿಸಿದ್ದ ಎಲೆಗಳದ್ದು ಸರ್ರನೆ ಏರಿತು.

ಈ ಪರೀಕ್ಷೆಗೆ ಆದ ಖರ್ಚು ಬಸ್ ಚಾರ್ಜು. ಸೀಕ್ವೆನ್ಸಿಂಗ್‌ಗೆ ಕಳಿಸುವ ಮೊದಲೇ ಇದನ್ನು ಮಾಡಬಹುದಿತ್ತಾ? ಆಗಸ್ಟ್‌ನಲ್ಲಿ ಬಂಡೆಯ ಮೇಲೆ ಒಣಹುಲ್ಲು ಇರಲಿಲ್ಲ, ನಿಜ. ಆದರೆ ಜನವರಿ ತನಕ ಕಾಯಬಹುದಿತ್ತು.

ಸಣ್ಣ ಪ್ರಯೋಗ

ಆದರೂ ನನ್ನ ಹಳೆಯ ಸಮಜಾಯಿಷಿ ಪೂರ್ತಿ ಬಿದ್ದಿರಲಿಲ್ಲ. ಬಂಡೆಯಲ್ಲಿ ಒಣಗಿದ ಬುಡದ ಬೇರನ್ನು ಹಸಿಯಿರುವಾಗ ಯಾರೂ ತೊಳೆದಿರಲಿಲ್ಲ. ಸತ್ತದ್ದು ವೇಗಕ್ಕೋ, ಬೇರು ತೊಳೆದದ್ದಕ್ಕೋ? ಇದನ್ನು ಬಿಡಿಸಲು ವಿದ್ಯಾರ್ಥಿನಿ ಹಾಕಿದ ಯೋಜನೆ ನನಗೆ ಹೊಳೆದಿರಲಿಲ್ಲ. ನೆರಳುಮನೆಯಲ್ಲಿ ಇನ್ನೂ ಹಸಿರಾಗಿದ್ದ ಬುಡಗಳನ್ನು ಎಂಟೆಂಟರ ನಾಲ್ಕು ಗುಂಪು ಮಾಡಿದಳು. ಒಂದು, ಹಳೆಯ ಹಾಗೇ ಬೇರು ತೊಳೆದು ಸಿಲಿಕಾದ ಮೇಲೆ. ಇನ್ನೊಂದು, ಕುಂಡದಲ್ಲೇ ಎಸಿ ಕೋಣೆಯಲ್ಲಿ. ಮತ್ತೊಂದು, ಕುಂಡದಲ್ಲೇ ನೆರಳಿನಲ್ಲಿ, ಫೆಬ್ರವರಿಯ ಗಾಳಿಗೆ ನಿಧಾನವಾಗಿ. ನಾಲ್ಕನೆಯದು ಮುಖ್ಯ: ಬೇರು ತೊಳೆದು, ಆದರೆ ನಿಧಾನವಾಗಿ ಒಣಗಿಸುವುದು.

ತೊಳೆದ ಬುಡವನ್ನು ನಿಧಾನವಾಗಿ ಒಣಗಿಸಲು ಉಪ್ಪಿನ ಡಬ್ಬಿ ಮಾಡಿದಳು. ಕರಗದೆ ತಳದಲ್ಲಿ ಉಳಿಯುವಷ್ಟು ಉಪ್ಪು ಹಾಕಿದ ನೀರನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿಯ ತೇವ ಸುಮಾರು ಶೇ. 75ಕ್ಕೆ ನಿಲ್ಲುತ್ತದೆ. ಮೇಲೆ ಜಾಲರಿ, ಅದರ ಮೇಲೆ ಹುಲ್ಲು. ದಿನಾ ಸ್ವಲ್ಪ ಹೊತ್ತು ಮುಚ್ಚಳ ತೆಗೆಯುವುದು. ಲಕ್ಷಾಂತರ ರೂಪಾಯಿಯ ತೇವ ನಿಯಂತ್ರಣ ಕೋಣೆ ನಮ್ಮಲ್ಲಿಲ್ಲ. ಇದು ಸಾಕಾಯಿತು.

ಸಿಲಿಕಾದ ಎಂಟರಲ್ಲಿ ಒಂದೂ ಬದುಕಲಿಲ್ಲ. ಎಸಿ ಕೋಣೆಯಲ್ಲಿ ಮೂರು. ನೆರಳಿನಲ್ಲಿ ಏಳು. ತೊಳೆದು ಉಪ್ಪಿನ ಡಬ್ಬಿಯಲ್ಲಿಟ್ಟದ್ದರಲ್ಲಿ ಆರು. ಬೇರು ತೊಳೆದದ್ದಕ್ಕೆ ಸತ್ತದ್ದಲ್ಲ. ಅವಸರಕ್ಕೆ ಸತ್ತದ್ದು.

ಯಾಕೆ ಅಂತ ಯೋಚಿಸಿದರೆ ಸಹಜವೇ. ಈ ಗಿಡಕ್ಕೆ ಒಣಗುವುದು ಅಂದರೆ ಮನೆ ಬಿಟ್ಟು ಊರಿಗೆ ಹೊರಟ ಹಾಗೆ. ಒಲೆ ಆರಿಸಬೇಕು, ನೀರು ಬಂದ್ ಮಾಡಬೇಕು, ಬಾಗಿಲು ಹಾಕಬೇಕು. ಎಲೆ ಸುರುಳಿ ಸುತ್ತಿಕೊಂಡು ಬಿಸಿಲು ತಪ್ಪಿಸಬೇಕು. ಸುಕ್ರೋಸ್ ಥರದ ಸಕ್ಕರೆ ಜೀವಕೋಶದಲ್ಲಿ ತುಂಬಬೇಕು. ನೀರು ಹೋದಾಗ ಅದು ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗಿ ಒಳಗಿನದ್ದನ್ನೆಲ್ಲ ಇದ್ದಲ್ಲೇ ಹಿಡಿದಿಡುತ್ತದೆ. ಎಲ್‌ಇಎ ಜೀನ್ ಏರಿದರೆ ಸಾಲದು, ಅದರಿಂದ ಪ್ರೋಟೀನು ತಯಾರಾಗಬೇಕು. ಇದಕ್ಕೆಲ್ಲ ಹೊತ್ತು ಬೇಕು, ಆ ಹೊತ್ತಿನಲ್ಲಿ ಕೋಶದೊಳಗೆ ನೀರೂ ಇರಬೇಕು. ನಾವು ಅವೆರಡನ್ನೂ ಕಿತ್ತುಕೊಂಡಿದ್ದೆವು. ನಮ್ಮ ಮೊದಲ ಡೇಟಾದಲ್ಲಿ ಜೀನ್‌ಗಳು ಏರಿದ್ದು ಸುಳ್ಳಲ್ಲ. ಗಿಡ ಒದ್ದಾಡಿತ್ತು, ಕೆಲಸ ಮುಗಿಸಲು ಆಗಿರಲಿಲ್ಲ.

ಡೇಟಾ ಏನು ಮಾಡುವುದು?

ಇಲ್ಲಿ ನಮ್ಮೊಳಗೆ ಸಣ್ಣ ಜಗಳವೇ ಆಯಿತು. ಹಿರಿಯ ಸಹೋದ್ಯೋಗಿಯೊಬ್ಬರು, "ನೀರು ಹಾಕಿದ ಮೂರು ಮಾದರಿ ಬಿಟ್ಟುಬಿಡಿ. ಒಣಗುವ ಭಾಗ ಬರೆಯಿರಿ. ಯಾರು ಕೇಳ್ತಾರೆ?" ಅಂದರು. ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಹುಡುಗಿಯ ಒಂದು ವರ್ಷ ಹಾಳಾಗುತ್ತದಲ್ಲ ಅನ್ನುವ ಕಳಕಳಿ. ನನಗೂ ಒಂದು ವಾರ ಆಸೆ ಇತ್ತು ಅಂತ ಒಪ್ಪಿಕೊಳ್ಳಬೇಕು. ಆದರೆ ಒಣಗುವುದನ್ನು ತಾಳುವ ಜೀನ್‌ಗಳು ಅಂತ ತಲೆಬರಹ ಹಾಕಿ, ತಾಳದೆ ಸತ್ತ ಗಿಡದ ಪಟ್ಟಿ ಕೊಡುವುದು ಹೇಗೆ?

ಇನ್ನೊಂದು ಆಲೋಚನೆ ನನ್ನದೇ: ಇದನ್ನು "ಸತ್ತ ಗುಂಪು" ಅಂತ ಇಟ್ಟುಕೊಂಡು, ಹೊಸದಾಗಿ "ಬದುಕಿದ ಗುಂಪು" ಓದಿಸಿ ಎರಡನ್ನೂ ಹೋಲಿಸೋಣ. ಕೇಳಲು ಜಾಣತನ. ವಿದ್ಯಾರ್ಥಿನಿ ಒಪ್ಪಲಿಲ್ಲ. ಒಂದು ಸೆಪ್ಟೆಂಬರಿನದ್ದು, ಇನ್ನೊಂದು ಬೇರೆ ತಿಂಗಳಿನದ್ದು. ಒಂದು ಟ್ಯೂಬ್‌ಲೈಟ್ ಕೆಳಗಿನದ್ದು, ಇನ್ನೊಂದು ಬಿಸಿಲಿನದ್ದು. ಆರ್‌ಎನ್‌ಎ ತೆಗೆದ ಕಿಟ್ ಬೇರೆ, ಓದಿಸಿದ ಸಲ ಬೇರೆ. ವ್ಯತ್ಯಾಸ ಸಿಕ್ಕರೂ ಅದು ಬದುಕು ಸಾವಿನದ್ದೋ, ಉಳಿದದ್ದರದ್ದೋ ಅಂತ ಹೇಳಲಾಗದು. ಅವಳ ಮಾತು ಸರಿಯಿತ್ತು. ಹೋಲಿಸಬೇಕಾದ್ದನ್ನು ಒಂದೇ ಸಲಕ್ಕೆ, ಒಟ್ಟಿಗೆ ಓದಿಸಬೇಕು.

ಮೊದಲ ಕರಡನ್ನು ಕೈಬಿಟ್ಟೆವು. ಪರಿಶೀಲನಾ ಸಮಿತಿಗೆ ಇದ್ದದ್ದು ಇದ್ದ ಹಾಗೇ ಬರೆದೆವು. ನಾವು ಹೆದರಿದಷ್ಟು ಏನೂ ಆಗಲಿಲ್ಲ. ಎರಡನೇ ವರ್ಷದ ಹಣದಲ್ಲಿ ರಾಸಾಯನಿಕದ ಬಾಬ್ತು ಕತ್ತರಿಸಿ, ನಾನು ಹೋಗಬೇಕಿದ್ದ ಒಂದು ಸಮ್ಮೇಳನ ಬಿಟ್ಟು, 15 ಮಾದರಿಗೆ ಹೊಂದಿಸಿದೆವು.

ಎರಡನೇ ಸುತ್ತು

ಈ ಸಲ ಹುಲ್ಲನ್ನು ಪ್ರಯೋಗಾಲಯಕ್ಕೆ ತರಲಿಲ್ಲ. ನಾವೇ ಬಂಡೆಗೆ ಹೋದೆವು.

ಕಿತ್ತ ಎಲೆಯನ್ನು ಅಲ್ಲೇ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಬೇಕು, ಇಲ್ಲದಿದ್ದರೆ ಆರ್‌ಎನ್‌ಎ ಕೆಡುತ್ತದೆ. ಬೆಟ್ಟದ ಮೇಲೆ ಅದನ್ನು ಎಲ್ಲಿಂದ ತರುವುದು? ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನಿನಲ್ಲಿ ಇರುವುದೂ ಅದೇ. ಅಂಥದ್ದೇ ಒಂದು ಹಳೆಯ ಕ್ಯಾನು ಸಂಪಾದಿಸಿ, ಶಿವಮೊಗ್ಗದಲ್ಲಿ ತುಂಬಿಸಿ, ಜೀಪಿನಲ್ಲಿ ಕಾಲ ಮಧ್ಯೆ ಹಿಡಿದುಕೊಂಡು ಹೋದೆವು. ಬೆಟ್ಟ ಹತ್ತುವಾಗ ತೋಟದ ಆಳೊಬ್ಬರು ತಲೆ ಮೇಲೆ ಹೊತ್ತರು. ಒಳಗೆ ಏನಿದೆ ಅಂತ ಕೇಳಿ, ಹೇಳಿದ ಮೇಲೆ ಹೆಜ್ಜೆ ತುಂಬ ನಿಧಾನವಾಯಿತು.

ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು ತಪ್ಪಾಯಿತು. ಹುಲ್ಲು ಅರ್ಧ ಒಣಗುವಷ್ಟರಲ್ಲಿ ಚಿತ್ತಾ ಮಳೆ, ಮತ್ತೆ ಅರ್ಧ ಒಣಗುವಷ್ಟರಲ್ಲಿ ಸ್ವಾತಿ ಮಳೆ. ಅಡಿಕೆ ಅಂಗಳದ ಟಾರ್ಪಾಲ್ ಕಟ್ಟಿ ನೋಡಿದೆವು. ಕೆಳಗೆ ಸೆಕೆ ಏರಿ ಹುಲ್ಲು ಬೇಗ ಒಣಗತೊಡಗಿತು. ಅದೇ ಹಳೆಯ ತಪ್ಪು ಬೇರೆ ವೇಷದಲ್ಲಿ. ಟಾರ್ಪಾಲ್ ಬಿಚ್ಚಿ ವಾಪಸ್ ಬಂದೆವು. ನವೆಂಬರ್ ಕೊನೆಯಿಂದ ಮತ್ತೆ ಮೊದಲಿಂದ.

ಹಸಿ, ಅರ್ಧ ಒಣಗಿದ್ದು, ಪೂರ್ತಿ ಒಣಗಿದ್ದು, ನೀರು ಚಿಮುಕಿಸಿ 24 ಗಂಟೆ ಕಳೆದದ್ದು. ನಾಲ್ಕು ಹಂತ, ಮೂರು ಮೂರು ಬುಡ. ಎಲ್ಲ ಬೆಳಗ್ಗೆ 11ಕ್ಕೆ. ಹತ್ತಕ್ಕೆ ಅಂತ ಮೊದಲು ಅಂದುಕೊಂಡಿದ್ದೆವು, ಇಬ್ಬನಿ ಆರಲು ಇನ್ನೊಂದು ಗಂಟೆ ಬೇಕಿತ್ತು. ಉಳಿದ ಮೂರು ಮಾದರಿ ಅದೇ ಬಂಡೆಯ ಹುಲ್ಲನ್ನು ಬೇಕಂತಲೇ ಸಿಲಿಕಾದಲ್ಲಿ ಒಣಗಿಸಿದ್ದು, ಅದೂ 11ಕ್ಕೇ ತೆಗೆದದ್ದು. ಪ್ರತಿ ಬುಡದ ಅರ್ಧ ಭಾಗವನ್ನು ಮಾದರಿಗೆ ತೆಗೆದು, ಇನ್ನರ್ಧವನ್ನು ಹಾಗೇ ಉಳಿಸಿ ನೀರು ಹಾಕಿ ಹತ್ತು ದಿನ ನೋಡಿದೆವು. ಸಿಲಿಕಾದವನ್ನು ಬಿಟ್ಟರೆ, ಹಸಿರಾದದ್ದು ಖಚಿತವಾದ ಮೇಲೇ ಅದರ ಜೋಡಿಯನ್ನು ಓದಿಸಲು ಕಳಿಸಿದ್ದು. ಹಸಿರಾಗದ ಒಂದು ಬುಡದ ಮಾದರಿ ಇನ್ನೂ ಫ್ರೀಜರಿನಲ್ಲೇ ಇದೆ, ಅದರ ಜಾಗಕ್ಕೆ ಬೇರೆಯದು ಹೋಯಿತು.

ಫಲಿತಾಂಶ ಬಂದಿದೆ. ಚುಕ್ಕಿಗಳು ಈ ಸಲ ಸಾಲಾಗಿ ಸರಿದಿವೆ. ಎಲ್‌ಇಎ ಜೀನ್‌ಗಳು ಎರಡೂ ಗುಂಪಿನಲ್ಲಿ ಏರಿವೆ, ಬದುಕಿದ್ದರಲ್ಲೂ ಸತ್ತದ್ದರಲ್ಲೂ. ವ್ಯತ್ಯಾಸ ಬೇರೆ ಕಡೆ ಇರುವ ಹಾಗಿದೆ, ಸಕ್ಕರೆಯ ಕಡೆ. ಆದರೆ ಸಿಲಿಕಾ ಗುಂಪಿನದ್ದು ಮೂರೇ ಮಾದರಿ. ಅಷ್ಟರಿಂದ ದೊಡ್ಡ ಮಾತು ಆಡಲು ಈಗ ನಾನು ತಯಾರಿಲ್ಲ. ಎಲೆಯ ಸಕ್ಕರೆಯನ್ನೇ ನೇರವಾಗಿ ಅಳೆಯುವ ಕೆಲಸ ನಡೆಯುತ್ತಿದೆ. ಪ್ರಬಂಧದ ಕರಡು ಈ ಸಲ ಅವಳು ಬರೆಯುತ್ತಿದ್ದಾಳೆ. ಮೊದಲ ಸುತ್ತಿನ ಸೋಲನ್ನೂ ವಿಧಾನದ ಭಾಗದಲ್ಲಿ ಎರಡು ಪ್ಯಾರಾ ಬರೆದಿದ್ದಾಳೆ. ನಾನು ಒಂದು ಪ್ಯಾರಾ ಮಾಡು ಅಂದೆ, ಅವಳು ಕೇಳಲಿಲ್ಲ.

ರಾಗಿಯ ಮಾತು ಈಗ ನಮ್ಮ ವರದಿಗಳಲ್ಲಿ ಒಂದೇ ಕಡೆ ಇದೆ. ಅರೆ ಮೇಲಿನ ಹುಲ್ಲು ವಾರಗಟ್ಟಲೆ ತಯಾರಿ ಮಾಡಿಕೊಂಡು ಮಲಗುತ್ತದೆ. ರಾಗಿಗೆ ಒಂದೋ ಎರಡೋ ಜೀನ್ ಸೇರಿಸಿದರೆ ಅದಕ್ಕೂ ಆ ತಯಾರಿ ಬಂದುಬಿಡುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹಾಗೆ ಮಲಗುವ ಬೆಳೆ ತೆನೆ ಎಷ್ಟು ಕೊಟ್ಟೀತು ಅನ್ನುವುದು ಬೇರೆ ಪ್ರಶ್ನೆ.

ಪ್ರಯೋಗಾಲಯದಲ್ಲಿ ಬದಲಾದದ್ದು ಎರಡು. ಫ್ರೀಜರಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆ. ಪ್ರತಿ ಮಾದರಿಯ ಎದುರು ಅದರ ಜೋಡಿ ಹಸಿರಾಯಿತೇ ಇಲ್ಲವೇ ಅಂತ ಬರೆದು ಸಹಿ ಹಾಕುವ ತನಕ ಯಾವುದೂ ಹೊರಗೆ ಹೋಗುವ ಹಾಗಿಲ್ಲ. ಸಹಿ ನನ್ನದಲ್ಲ, ಕುಂಡ ನೋಡಿಕೊಳ್ಳುವವರದ್ದು.

ಇನ್ನೊಂದು ನನ್ನ ಮೇಜಿನ ಮೇಲಿದೆ. ಆ ಡಿಸೆಂಬರ್‌ನಲ್ಲಿ ಬಂಡೆಯ ಮೇಲೆ ತಾನಾಗಿ ಒಣಗಿದ ಬುಡಗಳನ್ನು ಒಂದೊಂದು ಲಕೋಟೆಯಲ್ಲಿ ಹಾಕಿ ಇಟ್ಟಿದ್ದೇವೆ. ತಿಂಗಳಿಗೆ ಒಂದನ್ನು ತೆಗೆದು ನೀರು ಹಾಕುತ್ತೇವೆ. ಎಷ್ಟು ತಿಂಗಳು ತಡೆಯುತ್ತದೆ ಅಂತ ನೋಡಬೇಕು. ಮೊನ್ನೆ ಒಂಬತ್ತನೆಯದು. ಎರಡು ದಿನ ಏನೂ ಆಗಲಿಲ್ಲ, ಮೂರನೇ ದಿನ ಮಧ್ಯಾಹ್ನ ಒಂದೇ ಒಂದು ಎಲೆಯ ಬುಡದಲ್ಲಿ ಹಸಿರು. ಇನ್ನು ನಾಲ್ಕು ಲಕೋಟೆ ಉಳಿದಿವೆ.